ದೀಪ ಉರಿದರೂ ಸಂಪರ್ಕ ಸತ್ತಿರಬಹುದೇ?

ಪ್ರಶ್ನೆ: ನವಿ ಮುಂಬೈಯ ನಮ್ಮ ಸರ್ವರಿಗೆ ಎರಡು ಕೇಬಲ್ ಸೇರಿಸಿ ಬಾಂಡ್ ಮಾಡಿದ್ದಾರೆ. ಎರಡರ ದೀಪವೂ ಉರಿಯುತ್ತಿರುವಾಗ ಸಂಪರ್ಕ ಕಡಿಯುವುದು ಹೇಗೆ?
– ಓದುಗರು, ವಿಠ್ಠಲವಾಡಿ

ಉತ್ತರ: ದೀಪಕ್ಕೆ ಗೊತ್ತಿರುವುದು ಪಕ್ಕದ ಸ್ವಿಚ್‌ವರೆಗಿನ ಸುದ್ದಿ ಮಾತ್ರ. ಲಿನಕ್ಸಿನ ಬಾಂಡಿಂಗ್ ಡ್ರೈವರ್ ಎಂಐಐ ವಿಧಾನದಲ್ಲಿ, ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೊಮ್ಮೆ, ತಂತಿಯಲ್ಲಿ ಜೀವವಿದೆಯೇ ಎಂದು ನೋಡುತ್ತದೆ. ಕೇಬಲ್ ಕಿತ್ತುಬಂದರೆ ಕೂಡಲೇ ತಿಳಿಯುತ್ತದೆ. ಸ್ವಿಚ್ಚಿನಾಚೆಯ ದಾರಿ ಕಡಿದಿದ್ದರೆ, ಪೋರ್ಟು ತಪ್ಪು ವಿಎಲ್ಯಾನಿಗೆ ಸೇರಿದ್ದರೆ ಮಾತ್ರ ಎಲ್ಲವೂ ಸರಿಯಾಗಿದೆ ಎಂದೇ ವರದಿ ಬರುತ್ತದೆ. ವಿಠ್ಠಲವಾಡಿಯಲ್ಲಿ ಲೋಕಲ್ ಬಂದು ನಿಂತಿತೆಂದು ಕಲ್ಯಾಣದಾಚೆಯ ಹಳಿ ತೆರವಾಗಿದೆ ಎನ್ನಲಾದೀತೇ? ಆದ್ದರಿಂದ ದೂರದ ಗೇಟ್‌ವೇಯನ್ನೇ ಕೂಗಿ ಕರೆದು ಓಗೊಡುತ್ತದೆಯೇ ಎಂದು ನೋಡುವ ಎಆರ್‌ಪಿ ವಿಧಾನವೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ವಾದ.

ಗೇಟ್‌ವೇಯೇ ಮಲಗಿದರೆ ಸರಿಯಿರುವ ಕೇಬಲ್‌ಗಳಿಗೂ ಸಾವಿನ ಮುದ್ರೆ ಬೀಳುವುದಿಲ್ಲವೇ ಎಂದು ಕೇಳಬಹುದು. ಒಂದೇ ಗುರಿ ಕೊಟ್ಟರೆ ಬೀಳುತ್ತದೆ. ಡ್ರೈವರ್ 16 ಗುರಿಗಳವರೆಗೆ ಒಪ್ಪುತ್ತದೆ, ಎರಡು ಮೂರಾದರೂ ಕೊಡಿ. ಬಂದದ್ದು ನಿಜಕ್ಕೂ ಎಆರ್‌ಪಿ ಉತ್ತರವೇ ಎಂಬ ಪರಿಶೀಲನೆಯನ್ನೂ ಚಾಲೂ ಮಾಡಿ; ಇಲ್ಲದಿದ್ದರೆ ಬೇರೆ ಯಂತ್ರಗಳ ಗದ್ದಲವೂ ಜೀವದ ಗುರುತಾಗಿ ಲೆಕ್ಕಕ್ಕೆ ಬರುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಸ್ವಿಚ್ಚಿನೊಡನೆ ಒಪ್ಪಂದ ಮಾಡಿಕೊಂಡು ಕೇಬಲ್‌ಗಳನ್ನು ಒಗ್ಗೂಡಿಸುವ 802.3ಎಡಿ ಮೋಡಿನಲ್ಲಿ ಎಆರ್‌ಪಿ ವಿಧಾನ ನಡೆಯುವುದೇ ಇಲ್ಲ. ಅಲ್ಲಿ ಸರ್ವರೂ ಸ್ವಿಚ್ಚೂ ಪರಸ್ಪರ ಕಳಿಸಿಕೊಳ್ಳುವ ಎಲ್‌ಎಸಿಪಿ ಸಂದೇಶಗಳೇ ಗತಿ. ನಿಧಾನದ ದರದಲ್ಲಿ 30 ಸೆಕೆಂಡಿಗೊಂದು, ವೇಗದಲ್ಲಿ ಸೆಕೆಂಡಿಗೊಂದು. ಮೂರು ತಪ್ಪಿದರೆ ಕೊಂಡಿ ಹೊರಗೆ. 90 ಸೆಕೆಂಡು ಕಾಯುವುದಕ್ಕಿಂತ 3 ಸೆಕೆಂಡೇ ವಾಸಿ. ಆದರೆ ಎಲ್‌ಎಸಿಪಿಯ ಮಾತುಕತೆಯೂ ಪಕ್ಕದ ಸ್ವಿಚ್ಚಿನೊಡನೆಯೇ. ಹಾಗಾಗಿ ತನ್ನ ಮೇಲಿನ ಸಂಪರ್ಕ ಕಡಿದಾಗ ಸರ್ವರಿನತ್ತಲ ಪೋರ್ಟನ್ನೂ ತಾನೇ ಮುಚ್ಚುವಂತೆ ಸ್ವಿಚ್ಚಿಗೆ ಹೇಳಿಡಬೇಕು.