ಹವಳದ ಮನೆಯ ಪಾಲುದಾರ

ನಮ್ಮ ಮನೆಗಳಲ್ಲಿ ಹವಳ ಎಂದರೆ ಕೆಂಪು ಮಣಿ. ಅಜ್ಜಿಯರ ತಾಳಿಸರದಲ್ಲಿ ಕರಿಮಣಿಯ ನಡುವೆ ಇಣುಕುವ ಹವಳವನ್ನು ಮಕ್ಕಳು ನೋಡಿರುತ್ತೀರಿ. ಮೆಡಿಟರೇನಿಯನ್ ಸಮುದ್ರದಿಂದ ಹಡಗೇರಿ ಶತಮಾನಗಳಿಂದ ನಮ್ಮ ದೇಶಕ್ಕೆ ಬಂದದ್ದು ಆ ಕೆಂಪು ಹವಳ. ಅದು ದ್ವೀಪ ಕಟ್ಟುವ ಜಾತಿಯದಲ್ಲ. ದ್ವೀಪ ಕಟ್ಟುವುದು ಅದರ ದಾಯಾದಿ. ಇವತ್ತು ಹೇಳಹೊರಟಿರುವುದು ಆ ದಾಯಾದಿಯ ಕಥೆ.

ಮೊದಲು ಒಂದು ಮಾತು. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದೊಂದು ಪ್ರಾಣಿ. ಹೆಸರು ಪಾಲಿಪ್. ಹೆಚ್ಚಿನವು ಕೆಲವೇ ಮಿಲಿಮೀಟರ್ ಗಾತ್ರದವು. ಮೆತ್ತನೆಯ ಚೀಲದಂಥ ಮೈ, ಮೇಲೊಂದು ಬಾಯಿ, ಬಾಯಿಯ ಸುತ್ತ ಬೆರಳಿನಂಥ ಎಳೆಗಳು. ತಿನ್ನುವುದಕ್ಕೂ ಉಗುಳುವುದಕ್ಕೂ ಅದೊಂದೇ ಬಾಯಿ! ಈ ಪ್ರಾಣಿ ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಹೀರಿಕೊಂಡು ತನ್ನ ಬುಡದಲ್ಲಿ ಕಲ್ಲಿನ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಆ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಮೊಟ್ಟೆಯ ಸಿಪ್ಪೆಯಲ್ಲಿ, ಕಡಲ ಚಿಪ್ಪಿನಲ್ಲಿ ಇರುವುದೂ ಅದೇ. ಚಿಪ್ಪನ್ನು ಸುಟ್ಟರೆ ಅಜ್ಜನ ವೀಳ್ಯದೆಲೆಗೆ ಹಚ್ಚುವ ಸುಣ್ಣ. ಒಂದು ಪಾಲಿಪ್ ಎರಡಾಗಿ, ಎರಡು ನಾಲ್ಕಾಗಿ, ಒಂದರ ಪಕ್ಕ ಒಂದು ಬಟ್ಟಲು ಏಳುತ್ತಾ ಹೋದರೆ ಸಾವಿರಾರು ವರ್ಷಗಳಲ್ಲಿ ಅದೇ ಹವಳದ ದಿಬ್ಬ. ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಏರಿದರೆ ಹೆಚ್ಚು. ಕೊಂಬೆ ಕೊಂಬೆಯಾಗಿ ಬೆಳೆಯುವ ಜಾತಿಗಳು ಇನ್ನಷ್ಟು ಚುರುಕು.

ಇಷ್ಟು ಪುಟ್ಟ ಪ್ರಾಣಿಗೆ ಅಷ್ಟು ದೊಡ್ಡ ಕಟ್ಟಡ ಕಟ್ಟಲು ಬಂಡವಾಳ ಎಲ್ಲಿಂದ ಬಂತು? ಉಷ್ಣವಲಯದ ತಿಳಿನೀಲಿ ಕಡಲು ನೋಡಲು ಚೆಂದವೇ ಹೊರತು ಊಟದ ಲೆಕ್ಕದಲ್ಲಿ ಬಡ ಕಡಲು. ತೇಲುವ ಆಹಾರ ಕಡಿಮೆ ಇರುವುದರಿಂದಲೇ ಆ ನೀರು ಅಷ್ಟು ತಿಳಿ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದ ನನಗೆ ಇಂಥ ಕಡೆ ಮೊದಲು ಕಣ್ಣು ಹೋಗುವುದು ಜಮಾ ಖರ್ಚಿನ ಮೇಲೆ.

ಹವಳಕ್ಕೊಬ್ಬ ಪಾಲುದಾರನಿದ್ದಾನೆ. ಅದು ಒಂದೇ ಜೀವಕೋಶದ ಪಾಚಿ. ಜೂಜ್ಯಾಂತೆಲ್ಲೆ ಎಂಬ ನಾಲಿಗೆ ತಿರುಚುವ ಹೆಸರು ಅದಕ್ಕೆ. ನಾವು ಪಾಚಿ ಎಂದೇ ಕರೆಯೋಣ. ಅದು ಹವಳದ ಪಕ್ಕದಲ್ಲಿ ಬದುಕುವುದಲ್ಲ, ಪಾಲಿಪ್ಪಿನ ಜೀವಕೋಶಗಳ ಒಳಗೇ ವಾಸ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ 10 ಲಕ್ಷಕ್ಕೂ ಹೆಚ್ಚು ಇರುತ್ತವೆ. ಶಾಲೆಯಲ್ಲಿ ಓದಿದ ದ್ಯುತಿಸಂಶ್ಲೇಷಣೆ ನೆನಪಿದೆಯಲ್ಲ? ಬಿಸಿಲು ಬಿದ್ದ ಕೂಡಲೇ ಪಾಚಿ ಸಕ್ಕರೆ ತಯಾರಿಸುತ್ತದೆ. ತನಗೆ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಮನೆಯೊಡೆಯನಿಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಹೀಗೆ ಸಿಗಬಲ್ಲದು. ಬದಲಿಗೆ ಹವಳ ಕೊಡುವುದೇನು? ಇರಲು ಭದ್ರವಾದ ಜಾಗ, ತಾನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್, ತನ್ನ ಮೈಯ ಕಸವಾದ ಅಮೋನಿಯ. ಪಾಚಿಗೆ ಆ ಕಸವೇ ಗೊಬ್ಬರ. ಒಬ್ಬರ ಖರ್ಚು ಇನ್ನೊಬ್ಬರ ಜಮಾ. ರಾತ್ರಿ ಪಾಚಿಗೆ ರಜೆ. ಆಗ ಪಾಲಿಪ್ ಎಳೆಗಳನ್ನು ಚಾಚಿ, ತೇಲಿಬರುವ ಸಣ್ಣ ಜೀವಿಗಳನ್ನು ಕುಟುಕಿ ಹಿಡಿಯುತ್ತದೆ.

'ಹಾಗಾದ್ರೆ ಪಾಚಿ ಬಾಡಿಗೆಯವನಾ ಅಜ್ಜ?' ಎಂದು ನನ್ನ ಮೊಮ್ಮಗಳು ಕೇಳಿದಳು. ಬಾಡಿಗೆಯವನು ಮನೆಯ ಗೋಡೆ ಕಟ್ಟುವುದಿಲ್ಲವಲ್ಲ. ಪಾಚಿಯ ಶಕ್ತಿಯಿಂದಲೇ ಹವಳ ಹಗಲಿನಲ್ಲಿ ಬೇಗ ಬೇಗ ಕಲ್ಲು ಕಟ್ಟುವುದು. ಬಿ.ಕಾಂ.ನಲ್ಲಿ ನಾವು 1932ರ ಪಾಲುದಾರಿಕೆ ಕಾಯ್ದೆಯನ್ನು ಉರುಹೊಡೆದಿದ್ದೆವು. ಆಮೇಲೆ ಎಷ್ಟೋ ಪಾಲುದಾರರು ಜಗಳವಾಡಿಕೊಂಡು ಖಾತೆ ಮುಚ್ಚಿಸಲು ಕೌಂಟರಿಗೆ ಬಂದದ್ದನ್ನೂ ನೋಡಿದ್ದೇನೆ. ಹವಳ ಮತ್ತು ಪಾಚಿಯ ಈ ವ್ಯವಹಾರಕ್ಕೆ ಸುಮಾರು 20 ಕೋಟಿ ವರ್ಷಗಳ ವಯಸ್ಸು.

ಪಾಚಿಗೆ ಬಿಸಿಲು ಬೇಕು, ಆದ್ದರಿಂದ ಹವಳಕ್ಕೆ ತಿಳಿನೀರೇ ಆಗಬೇಕು. ಮಳೆಗಾಲದಲ್ಲಿ ನಮ್ಮ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಕೆಂಪು ನೀರು ತಂದು ಸುರಿಯುವ ಕರಾವಳಿಯಲ್ಲಿ ದೊಡ್ಡ ಹವಳದ ದಿಬ್ಬಗಳಿಲ್ಲ. ದಡದಿಂದ ದೂರದ ನೇತ್ರಾಣಿ ದ್ವೀಪದ ಸುತ್ತ ಒಂದಿಷ್ಟು ಹವಳ ಉಂಟು, ಅಷ್ಟೆ.

ಆದರೆ ಅದೇ ಅರಬ್ಬೀ ಸಮುದ್ರದಲ್ಲಿ ಇನ್ನೂ ಪಶ್ಚಿಮಕ್ಕೆ ಹೋದರೆ ಲಕ್ಷದ್ವೀಪ. ಅಲ್ಲಿ ಕಾಲಿಟ್ಟ ನೆಲವೆಲ್ಲ ಹವಳವೇ. ನಮಗೆ ತೀರಾ ಹೊರಗಿನ ಊರೂ ಅಲ್ಲ ಅದು. 1956ಕ್ಕೆ ಮೊದಲು ಅಮಿನಿ, ಕಡ್ಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಹಗ್ಗ ಮಂಗಳೂರಿಗೆ ಬರುತ್ತಿತ್ತು. ಹಳಬರಿಗೆ ನೆನಪಿರಬಹುದು.

ಉಂಗುರದಂಥ ಇಂಥ ದ್ವೀಪಗಳು ಹೇಗಾದವು ಎಂಬುದನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪುಸ್ತಕ ಬರೆದು ವಿವರಿಸಿದರು. ಜ್ವಾಲಾಮುಖಿ ಬೆಟ್ಟವೊಂದರ ಸುತ್ತ ಹವಳ ಬೆಳೆಯುತ್ತದೆ; ಬೆಟ್ಟ ನಿಧಾನವಾಗಿ ಮುಳುಗುತ್ತದೆ; ಹವಳ ಮಾತ್ರ ಬಿಸಿಲು ಹುಡುಕುತ್ತಾ ಮೇಲಕ್ಕೆ ಕಟ್ಟುತ್ತಲೇ ಹೋಗುತ್ತದೆ. ಕೊನೆಗೆ ಬೆಟ್ಟ ಮಾಯ, ಬಳೆ ಮಾತ್ರ ಉಳಿಯುತ್ತದೆ. ನೂರಹತ್ತು ವರ್ಷಗಳ ನಂತರ, 1952ರಲ್ಲಿ, ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ ಕೊರೆದು ನೋಡಿದರು. 1,200 ಮೀಟರಿಗಿಂತಲೂ ಆಳದವರೆಗೆ ಹವಳದ ಸುಣ್ಣಕಲ್ಲು. ಅದರ ಕೆಳಗೆ, ಡಾರ್ವಿನ್ ಹೇಳಿದ್ದಂತೆಯೇ, ಜ್ವಾಲಾಮುಖಿಯ ಕರಿಕಲ್ಲು!

ಇಂಥ ಹಳೆಯ ಪಾಲುದಾರಿಕೆ ಈಗ ಮುರಿದುಬೀಳುತ್ತಿದೆ. ಮನುಷ್ಯನಿಗೆ ಒಂದು ಡಿಗ್ರಿ ಜ್ವರ ಬಂದರೆ ಶಾಲೆಗೆ ರಜೆ. ಸಮುದ್ರದ ನೀರು ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಪಾಚಿಯ ಸಕ್ಕರೆ ಕಾರ್ಖಾನೆ ಕೆಡುತ್ತದೆ. ಸಕ್ಕರೆಯ ಜೊತೆ ವಿಷದಂಥ ಆಮ್ಲಜನಕ ಹೊರಬರುತ್ತದೆ. ಹವಳ ತಡೆಯಲಾರದೆ ಪಾಲುದಾರನನ್ನು ಹೊರಹಾಕುತ್ತದೆ. ಹವಳದ ಕಂದು, ಹೊಂಬಣ್ಣಗಳೆಲ್ಲ ಹೆಚ್ಚಾಗಿ ಪಾಚಿಯವು. ಪಾಚಿ ಹೋದ ಮೇಲೆ ಗಾಜಿನಂಥ ಮೈಯ ಮೂಲಕ ಬಿಳಿ ಎಲುಬು ಕಾಣುತ್ತದೆ. ಹವಳ ಬಿಳಿಚಿಕೊಳ್ಳುವುದು ಎಂದರೆ ಇದು. ಹವಳ ಇನ್ನೂ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮತ್ತೆ ಸೇರಿಕೊಂಡು ಚೇತರಿಸಿಕೊಳ್ಳಬಹುದು. ತಣಿಯದಿದ್ದರೆ ಹಸಿವಿನಿಂದಲೇ ಸಾವು.

ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ. ಮೈಸೂರಿನಲ್ಲಿ ಕಚೇರಿಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಆ ನೀರಿನಲ್ಲಿ ಇಳಿದು ಎರಡು ದಶಕಕ್ಕೂ ಹೆಚ್ಚು ಕಾಲ ಲೆಕ್ಕ ಇಟ್ಟಿದ್ದಾರೆ. ಅವರು ನೋಡಿದ ಕಡೆಗಳಲ್ಲಿ ಜೀವಂತ ಹವಳ 1998ರಿಂದೀಚೆಗೆ ಸುಮಾರು ಅರ್ಧಕ್ಕೆ ಇಳಿದಿದೆ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ಆ ದ್ವೀಪಗಳಿಗೆ ದೊಡ್ಡ ಅಲೆ ತಡೆಯುವ ಗೋಡೆ ಹವಳದ ದಿಬ್ಬ. ಜೀವಂತ ದಿಬ್ಬವಾದರೆ ಅಲೆ ಕೊರೆದದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ. ಸತ್ತ ದಿಬ್ಬ ಸವೆಯುತ್ತಾ ಹೋಗುತ್ತದೆ. ಹತ್ತು ದ್ವೀಪಗಳಲ್ಲಿ ಜನ ಇದ್ದಾರೆ, ನಿಮ್ಮಂತೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ.

ಹೊಸ ಹವಳ ಹುಟ್ಟುವುದಿಲ್ಲವೇ ಎಂದರೆ, ಹುಟ್ಟುತ್ತದೆ. ಅನೇಕ ಜಾತಿಗಳು ವರ್ಷದ ಕೆಲವೇ ರಾತ್ರಿಗಳಲ್ಲಿ, ಹೆಚ್ಚಾಗಿ ಹುಣ್ಣಿಮೆಯ ಆಸುಪಾಸಿನಲ್ಲಿ, ಒಟ್ಟಿಗೇ ಮೊಟ್ಟೆ ಬಿಡುತ್ತವೆ. ಕಡಲೊಳಗೆ ಕೆಳಗಿನಿಂದ ಮೇಲಕ್ಕೆ ಮಳೆ ಸುರಿದಂತೆ! ಸಾಸಿವೆಗಿಂತ ಸಣ್ಣ ಮರಿಗಳು ದಿನಗಟ್ಟಲೆ ತೇಲಿ, ಗಟ್ಟಿ ಕಲ್ಲು ಸಿಕ್ಕಿದ ಕಡೆ ಅಂಟಿಕೊಳ್ಳುತ್ತವೆ. ಕಲ್ಲಿನ ಮೇಲೆ ಬೆಳೆಯುವ ಬೇರೆ ಪಾಚಿಯನ್ನು ಗಿಳಿಮೀನುಗಳು ಕೆರೆದು ತಿಂದು ಜಾಗ ಚೊಕ್ಕಟ ಮಾಡಿಟ್ಟಿದ್ದರೆ ಮರಿ ಉಳಿಯುತ್ತದೆ. ಹೆಚ್ಚಿನ ಜಾತಿಗಳಲ್ಲಿ ಮರಿಗೆ ತಾಯಿಯಿಂದ ಪಾಲುದಾರ ಬರುವುದಿಲ್ಲ. ನೀರಿನಲ್ಲಿ ಅಲೆಯುವ ಪಾಚಿಯನ್ನು ಬಾಯಿಂದ ಒಳಗೆಳೆದುಕೊಂಡು, ಅರಗಿಸಿಕೊಳ್ಳದೆ, ಅದು ತನ್ನ ಖಾತೆಯನ್ನು ತಾನೇ ತೆರೆಯಬೇಕು.