ಜಪಾನಿನ ಉಷ್ಣೋದಕದಲ್ಲಿ ಒಂದಿರುಳು

ಭೂಗರ್ಭದಲ್ಲಿ ಅಗ್ನಿಯನ್ನಡಗಿಸಿಕೊಂಡ ದೇಶಗಳಲ್ಲಿ ಜಪಾನು ಮುಖ್ಯವಾದುದು. ಅಲ್ಲಿ 100ಕ್ಕೂ ಹೆಚ್ಚು ಜೀವಂತ ಜ್ವಾಲಾಮುಖಿಗಳುಂಟು. ಬಿಸಿನೀರಿನ ಬುಗ್ಗೆಗಳಂತೂ ಅಸಂಖ್ಯಾತ. ಇವುಗಳನ್ನು ಆ ಜನರು ‘ಓನ್‌ಸೆನ್’ ಎನ್ನುವರು. 1948ರ ಶಾಸನದ ಮೇರೆಗೆ ನೆಲದಿಂದ ಹೊಮ್ಮುವ ನೀರು 25 ಡಿಗ್ರಿ ಸೆಲ್ಸಿಯಸ್ಸಿಗೆ ಕಡಿಮೆಯಿಲ್ಲದ ಕಾವುಳ್ಳದ್ದಾಗಿರಬೇಕು. ಇಲ್ಲವೆ ಗೊತ್ತುಮಾಡಿದ 19 ದ್ರವ್ಯಗಳಲ್ಲಿ ಒಂದನ್ನಾದರೂ ತಕ್ಕಷ್ಟು ಪಡೆದಿರಬೇಕು. ಆಗಲೇ ಆ ಹೆಸರು ಸಲ್ಲುವುದು.

ಗುಮ್ಮಾ ಪ್ರಾಂತದ ಮಿಕುನಿ ಘಟ್ಟದ ಬಳಿ ಹೋಶಿ ಎಂಬ ಉಷ್ಣೋದಕವಿದೆ. ನಾವು ಸಪತ್ನೀಕರಾಗಿ ಅಲ್ಲಿ ಒಂದಿರುಳು ತಂಗಿದ್ದೆವು. ತೋಕಿಯೋದಿಂದ ವೇಗದ ರೈಲಿನಲ್ಲಿ ಜೋಮೊ-ಕೋಗೆನ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟವನ್ನೇರಬೇಕು. ದಾರಿ ಮುಗಿಯುವೆಡೆಯಲ್ಲಿ ಮರದ ಹಳೆಯ ವಸತಿಗೃಹವೊಂದೇ, ಸುತ್ತಲೂ ಕಾಡು. ಮುಖ್ಯ ಕಟ್ಟಡ 1875ರದು, ಸ್ನಾನಶಾಲೆ 1895ರದು.

ಈ ಬುಗ್ಗೆಯನ್ನು ಕಂಡವನು ಕೋಬೊ ದೈಶಿಯೆಂದು ಐತಿಹ್ಯ. ಐತಿಹ್ಯವು ಹೇಗೇ ಇರಲಿ, ಆತನು ಮಾತ್ರ ಇತಿಹಾಸಪುರುಷನು. ಕೂಕಾಯ್ ಎಂಬುದು ಆತನ ಸನ್ಯಾಸನಾಮ. ಕಾಲ 774ರಿಂದ 835. 804ರಲ್ಲಿ ಚೀನಕ್ಕೆ ತೆರಳಿ, ಚಾಂಗ್‌ಆನ್ ನಗರದಲ್ಲಿ ಪ್ರಜ್ಞನೆಂಬ ಭಾರತೀಯ ಭಿಕ್ಷುವಿನಿಂದ ಸಂಸ್ಕೃತವನ್ನು ಕಲಿತು, ಸಿದ್ಧಮಾತೃಕಾ ಲಿಪಿಯ ಅಧ್ಯಯನವನ್ನು ಸ್ವದೇಶದಲ್ಲಿ ಬೆಳೆಸಿದನು. ಜಪಾನೀ ಮಕ್ಕಳು ಇಂದಿಗೂ ‘ಅ ಇ ಉ ಎ ಒ, ಕ ಕಿ ಕು ಕೆ ಕೊ’ ಎಂದು ಓದುವ ಅಕ್ಷರಕ್ರಮಕ್ಕೆ ಸಂಸ್ಕೃತ ವರ್ಣಮಾಲೆಯೇ ಮಾದರಿ. ಮಕ್ಕಳಿಗೆ ಅಕ್ಷರ ತಿದ್ದಿಸಿಯೇ ಆಯುಷ್ಯ ಕಳೆದ ನಮಗೆ ಇದು ಎಷ್ಟು ಸಂತೋಷವನ್ನಿತ್ತಿತೆಂದು ಹೇಳಬೇಕಾದುದಿಲ್ಲ.

ಬಾಗಿಲಲ್ಲಿ ಪಾದರಕ್ಷೆಗಳನ್ನು ಕಳಚಿ ಒಳಗೆ ಹೋದರೆ ನೆಲಕ್ಕೆಲ್ಲ ಹುಲ್ಲಿನ ದಪ್ಪ ಚಾಪೆ. ಉಡಲು ‘ಯುಕಾತ’ವೆಂಬ ಹತ್ತಿಯ ನಿಲುವಂಗಿ ಕೊಡುವರು. ಅದರ ಎಡಮಗ್ಗುಲು ಮೇಲೆ ಬರುವಂತೆ ಸುತ್ತಿಕೊಳ್ಳಬೇಕು; ಬಲಮಗ್ಗುಲು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ಕ್ರಮ! ಊಟದ ವಿಚಾರವನ್ನು ಶಾಕಾಹಾರಿಗಳು ಮೊದಲೇ ಬರೆದು ತಿಳಿಸಿರಬೇಕು. ತರಕಾರಿಯ ಸಾರೆಂದು ತೋರುವುದಕ್ಕೂ ಒಣಮೀನಿನ ಕಷಾಯವೇ ಅಲ್ಲಿ ಸಾಮಾನ್ಯವಾಗಿ ಆಧಾರ. ನಾವು ಮುಂಚೆಯೇ ತಿಳಿಸಿದ್ದುದರಿಂದ ಅನ್ನ, ಸೋಯಾ ಹಾಲಿನ ಗಿಣ್ಣು, ಅಣಬೆ, ಉಪ್ಪಿನಕಾಯಿಗಳಿಂದ ತೃಪ್ತರಾದೆವು.

ನಿಜವಾದ ಧರ್ಮಸಂಕಟ ಸ್ನಾನದ್ದು. ಇಲ್ಲಿಯ ಹಳೆಯ ಸ್ನಾನಶಾಲೆಯಲ್ಲಿ ಸ್ತ್ರೀಪುರುಷರು ಒಟ್ಟಿಗೆ ನೀರಿಗಿಳಿಯುವ ವಾಡಿಕೆ, ಮೈಮೇಲೆ ಬಟ್ಟೆಯಿರಕೂಡದು. ನಗ್ನಸ್ನಾನವನ್ನು ನಮ್ಮ ಸ್ಮೃತಿಗಳು ನಿಷೇಧಿಸುವುವು. ಆದರೆ ದೇಶಾಚಾರವನ್ನು ಗೌರವಿಸಬೇಕೆಂಬುದೂ ಧರ್ಮಶಾಸ್ತ್ರದ ಮಾತೇ ಅಲ್ಲವೆ? ಅದೃಷ್ಟವಶಾತ್ ರಾತ್ರಿಯ ಕೆಲವು ಹೊತ್ತು ಸ್ತ್ರೀಯರಿಗೇ ಮೀಸಲು. ನಮ್ಮ ಮನೆಯವರು ಆಗ ಅಳುಕುತ್ತಲೇ ಹೋದವರು ನಗುತ್ತ ಹಿಂದಿರುಗಿದರು. “ಕಾಲಡಿಯ ಕಲ್ಲುಗಳ ಸಂದಿಯಿಂದಲೇ ನೀರು ಗುಳುಗುಳು ಏಳುತ್ತದೆ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ನೀವೂ ಹೋಗಿ ಬನ್ನಿ” ಎಂದರು. ಅರುಣೋದಯಕ್ಕೆ ಮುನ್ನ, ಜನರಿಲ್ಲದ ವೇಳೆಯಲ್ಲಿ, ನಾವೂ ಇಳಿದೆವು. ಅವರ ಮಂಡಿನೋವು ವಾಸಿಯಾಯಿತೆನ್ನಲಾರೆವು. ಆ ರಾತ್ರಿ ಗಾಢವಾಗಿ ನಿದ್ರಿಸಿದರೆಂಬುದು ಮಾತ್ರ ನಿಜ.

ನೀರಿಗಿಳಿಯುವ ಮೊದಲೇ ಮೈಯನ್ನು ತೊಳೆದುಕೊಳ್ಳಬೇಕೆಂಬುದು ಅಲ್ಲಿಯ ಮುಖ್ಯ ನಿಯಮ. ನೀರು ಎಲ್ಲರದು; ಅದರಲ್ಲಿ ಸಾಬೂನಾಗಲಿ ವಸ್ತ್ರವಾಗಲಿ ಸೋಕಕೂಡದು. ಆತಿಥೇಯನಿಗೂ ಕರ್ತವ್ಯವುಂಟು. 2004ರಲ್ಲಿ ಕೆಲವು ಹೆಸರುವಾಸಿ ಕ್ಷೇತ್ರಗಳಲ್ಲಿ ನೀರಿಗೆ ಬಣ್ಣದ ಪುಡಿ ಬೆರೆಸುತ್ತಿದ್ದುದು ಬಯಲಾಗಿ ದೇಶವೇ ಕ್ಷೋಭೆಗೊಂಡಿತು. ಅನಂತರ 2005ರಿಂದ, ನೀರನ್ನು ಕಾಯಿಸಿದ್ದರೆ, ತಣ್ಣೀರು ಸೇರಿಸಿದ್ದರೆ, ಮರಳಿ ಬಳಸುತ್ತಿದ್ದರೆ, ಅದನ್ನು ಬರೆದು ತೂಗಹಾಕಬೇಕೆಂದು ಕಟ್ಟಳೆಯಾಯಿತು.

ವೃದ್ಧರೂ ರಕ್ತದೊತ್ತಡವುಳ್ಳವರೂ ವೈದ್ಯರನ್ನು ಕೇಳಿಯೇ ಹೋಗತಕ್ಕದ್ದು. ಊಟವಾದೊಡನೆ ಇಳಿಯಬಾರದು, ಬಹಳ ಹೊತ್ತು ಇರಬಾರದು, ಎದ್ದಮೇಲೆ ನೀರು ಕುಡಿಯಬೇಕು. ಮನೆಯ ಹಿರಿಯರನ್ನು ಕರೆದೊಯ್ಯುವ ಮಕ್ಕಳು ಅವರ ಊಟ, ಸ್ನಾನ, ಸಂಕೋಚಗಳನ್ನು ಮೊದಲೇ ವಿಚಾರಿಸಿಕೊಂಡು ಹೊರಟರೆ, ಅಂತಹ ಒಂದಿರುಳು ಬಹುಕಾಲ ನೆನಪಿನಲ್ಲುಳಿಯುವುದು.