ಖಂಜಿರಿ ಬಾರಿಸಿದವರ ಹೆಸರಿನ ವಿಶ್ವವಿದ್ಯಾಲಯ

ನಾಗಪುರದ ಧರಮಪೇಠದಲ್ಲಿ ಸಂಜೆ ಹೊತ್ತು ನಿಂತವರಿಗೆ ಹೋರಾಟದ ಹಾಡು ನೆನಪಾಗಲು ಯಾವ ಕಾರಣವೂ ಇಲ್ಲ. ಬಟ್ಟೆ ಅಂಗಡಿಗಳು, ಕಾಫಿ ಹೋಟೆಲುಗಳು, ಪಕ್ಕದ ಗೋಕುಲಪೇಠ ಮಾರುಕಟ್ಟೆಯ ತರಕಾರಿ ಗದ್ದಲ, ಹಳೆಯ ಮನೆಗಳನ್ನು ಒಂದೊಂದಾಗಿ ನುಂಗುತ್ತಿರುವ ಅಪಾರ್ಟ್‌ಮೆಂಟುಗಳು. ಜಯನಗರದಲ್ಲಿ ಬೆಳೆದವರಿಗೆ ಇಲ್ಲಿ ಹೊಸತೇನೂ ಕಾಣುವುದಿಲ್ಲ. ಆದರೆ ಬಡಾವಣೆಯ ಉತ್ತರದ ಅಂಚಿನಲ್ಲಿ ಅಮರಾವತಿ ರಸ್ತೆ ಹಾದುಹೋಗುತ್ತದೆ. ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ದೀಕ್ಷಾಭೂಮಿಯ ಬಿಳಿ ಸ್ತೂಪ. ಈ ಎರಡೂ ದಿಕ್ಕಿನಲ್ಲಿ ಹಾಡು ಮಾಡಿದ ಕೆಲಸ ಸಣ್ಣದಲ್ಲ.

ಕಲಾವಿದರು ತಮ್ಮ ಜನಪ್ರಿಯತೆಯನ್ನು ಸಮಾಜಕ್ಕಾಗಿ ಬಳಸಬೇಕು ಎಂಬ ಮಾತು ಈಗ ಸಂದರ್ಶನಗಳಲ್ಲಿ ಸವೆದುಹೋಗಿದೆ. ಮೊದಲು ಹೆಸರು ಮಾಡಿ, ಆಮೇಲೆ ಆ ಹೆಸರನ್ನು ಒಂದು ಒಳ್ಳೆಯ ಕೆಲಸಕ್ಕೆ ಕಡ ಕೊಡುವುದು. ಇದರಲ್ಲಿ ತಪ್ಪೇನಿಲ್ಲ, 1982ರ ಗೋಕಾಕ್ ಚಳವಳಿಗೆ ರಾಜಕುಮಾರ್ ಇಳಿದ ಮೇಲೆ ಸಾಹಿತಿಗಳ ಸಭೆಯಾಗಿದ್ದದ್ದು ಊರೂರಿನ ಜಾತ್ರೆಯಾದದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ನಾಗಪುರದ ಕಥೆಯಲ್ಲಿ ಮಾತ್ರ ಈ ಕ್ರಮ ತಿರುವುಮುರುವು. ಇಲ್ಲಿ ಹಾಡಿದವರಿಗೆ ಕಡ ಕೊಡಲು ಹೆಸರೇ ಇರಲಿಲ್ಲ.

ಅಮರಾವತಿ ರಸ್ತೆಯನ್ನು ಹಿಡಿದು ನೂರು ಕಿಲೋಮೀಟರಿಗೂ ಮಿಕ್ಕಿ ಹೋದರೆ ಮೋಝರಿ ಎಂಬ ಊರು ಸಿಗುತ್ತದೆ. ತುಕಡೋಜಿ ಮಹಾರಾಜರ ಗುರುಕುಂಜ ಆಶ್ರಮ ಇರುವುದು ಅಲ್ಲೇ. 1909ರಲ್ಲಿ ಅಮರಾವತಿ ಜಿಲ್ಲೆಯ ಯಾವಲಿಯ ಬಡ ಕುಟುಂಬದಲ್ಲಿ ಹುಟ್ಟಿದ, ಮುಂದೆ ತುಕಡೋಜಿಯಾದ ಮಾಣಿಕ ಎಂಬ ಹುಡುಗ ಪ್ರಾಥಮಿಕ ಶಾಲೆಯನ್ನೂ ದಾಟಲಿಲ್ಲ. ಕೈಗೆ ಸಿಕ್ಕಿದ್ದು ಖಂಜಿರಿ. ನಮ್ಮ ಸಂಗೀತ ಕಛೇರಿಗಳಲ್ಲಿ ಮೃದಂಗದ ಪಕ್ಕ ಕೂರುವ ಖಂಜಿರದ ದಾಯಾದಿ ಅದು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚಿನಲ್ಲಿ ಗಿಲಕಿ. ಒಬ್ಬನೇ ಬಾರಿಸಬಹುದು, ಬಾರಿಸುತ್ತಲೇ ಹಾಡಬಹುದು, ಹಾಡುತ್ತಲೇ ಮುಂದಿನ ಊರಿಗೆ ನಡೆಯಬಹುದು. ಮೈಕು, ಪಕ್ಕವಾದ್ಯ, ಚಪ್ಪರ ಯಾವುದೂ ಬೇಕಿಲ್ಲ. ವಿದರ್ಭದ ಹಳ್ಳಿಗಳಲ್ಲಿ ಅವರು ಖಂಜಿರಿ ಬಾರಿಸಿ ಹಾಡಿದ ಭಜನೆಗಳಲ್ಲಿ ದೇವರ ಜೊತೆಗೆ ಊರಿನ ಚರಂಡಿಯೂ ಇತ್ತು, ಸಾರಾಯಿಯೂ ಇತ್ತು, ಕೇರಿ ಕೇರಿಗಳ ನಡುವಿನ ಮುಟ್ಟಬಾರದ ಗೆರೆಯೂ ಇತ್ತು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಮಾಡುವ ಸಾಮುದಾಯಿಕ ಪ್ರಾರ್ಥನೆಯನ್ನು ಅವರು ರೂಢಿಗೆ ತಂದರು. ಒಟ್ಟಿಗೆ ಕೂರಿ ಎಂದು ಭಾಷಣ ಮಾಡಿದರೆ ಜನ ಎದ್ದುಹೋದಾರು. ಹಾಡು ಶುರುವಾದ ಮೇಲೆ ಯಾರ ಪಕ್ಕ ಕೂತಿದ್ದೇವೆಂದು ಯಾರು ನೋಡುತ್ತಾರೆ?

1942ರಲ್ಲಿ ಈ ಖಂಜಿರಿಗೆ ಬೇರೆಯೇ ಒಂದು ಪರೀಕ್ಷೆ ಎದುರಾಯಿತು. ಆಗಿನ ಚಾಂದಾ ಜಿಲ್ಲೆಯ ಚಿಮೂರಿನಲ್ಲಿ ತುಕಡೋಜಿಯವರ ಭಜನೆಗಳು ಜನರನ್ನು ಕುದಿಯುವ ಹದಕ್ಕೆ ತಂದಿದ್ದವು. ಆಗಸ್ಟ್ 16, ನಾಗಪಂಚಮಿಯ ದಿನ ಮೆರವಣಿಗೆ ಹೊರಟಿತು, ಗುಂಡು ಹಾರಿತು, ಕೆರಳಿದ ಜನ ಸರ್ಕಾರಿ ಅಧಿಕಾರಿಗಳನ್ನು ಕೊಂದರು. ಕೆಲವು ದಿನ ಚಿಮೂರು ಬ್ರಿಟಿಷರ ಕೈಯಲ್ಲಿರಲಿಲ್ಲ. ಆಮೇಲೆ ಸೈನ್ಯ ಬಂತು. ಅದು ಹೆಂಗಸರ ಮೇಲೆ ನಡೆಸಿದ ಅತ್ಯಾಚಾರಗಳ ವಿಚಾರಣೆಯಾಗಬೇಕೆಂದು ಗಾಂಧೀಜಿಯ ಅನುಯಾಯಿ ಪ್ರೊಫೆಸರ್ ಭನ್ಸಾಲಿ 63 ದಿನ ಉಪವಾಸ ಕೂರಬೇಕಾಯಿತು. ತುಕಡೋಜಿಯವರನ್ನು ಬಂಧಿಸಿ ನಾಗಪುರ, ರಾಯಪುರ ಜೈಲುಗಳಲ್ಲಿ ಇಟ್ಟರು. ಇದನ್ನು ಓದುವ ಕನ್ನಡಿಗರಿಗೆ ಶಿಕಾರಿಪುರದ ಈಸೂರು ನೆನಪಾಗದೆ ಇರದು: ಅದೇ ವರ್ಷ, ಅದೇ ಬಗೆಯ ಸಿಟ್ಟು, ಸತ್ತ ಅಮಲ್ದಾರ, ಮುಂದಿನ ವರ್ಷ ಗಲ್ಲಿಗೇರಿದ ಐವರು.

ಹಾಡುಗಾರರ ಸಮಾಜಸೇವೆಯನ್ನು ಹೊಗಳುವ ಲೇಖನಗಳು ಚಿಮೂರಿನಂಥ ಊರನ್ನು ಮುಟ್ಟದೆ ದಾಟಿ ಹೋಗುತ್ತವೆ. ಹಾಡು ಹಾಡಿದವನ ಬಾಯಿಂದ ಹೊರಟ ಮೇಲೆ ಅವನ ಮಾತು ಕೇಳುವುದಿಲ್ಲ. ಗಾಂಧೀಜಿಯ ಸೇವಾಗ್ರಾಮದಲ್ಲಿ ಕೆಲಕಾಲ ಇದ್ದು ಬಂದವರ ಭಜನೆಯ ಬೆನ್ನಿಗೆ ಹೆಣಗಳು ಬಿದ್ದವು. ಜೈಲಿನಿಂದ ಬಂದ ತುಕಡೋಜಿ ಹಾಡು ಬಿಡಲಿಲ್ಲ. ಹಳ್ಳಿ ಕಟ್ಟುವ ಕೆಲಸದ ಬಗ್ಗೆ ‘ಗ್ರಾಮಗೀತಾ’ ಬರೆದರು, ಅದೂ ಹಾಡಿಕೊಳ್ಳಬಹುದಾದ ಓವಿ ಛಂದಸ್ಸಿನಲ್ಲಿ. 1968ರಲ್ಲಿ ತೀರಿಕೊಂಡರು. 1923ರಲ್ಲಿ ಸ್ಥಾಪನೆಯಾದ ನಾಗಪುರ ವಿಶ್ವವಿದ್ಯಾಲಯಕ್ಕೆ 2005ರಲ್ಲಿ ಅವರ ಹೆಸರಿಟ್ಟರು. ಧರಮಪೇಠದ ಕಾಲೇಜು ಹುಡುಗರ ಪದವಿ ಪತ್ರದ ನೆತ್ತಿಯ ಮೇಲೆ ಈಗ, ಪ್ರಾಥಮಿಕ ಶಾಲೆ ದಾಟದ ಒಬ್ಬ ಭಜನೆಗಾರನ ಹೆಸರಿದೆ.

ಇನ್ನು ದಕ್ಷಿಣದ ಕಡೆಗೆ. 1956ರ ಅಕ್ಟೋಬರ್‌ನಲ್ಲಿ ಅಂಬೇಡ್ಕರ್ ಸೀತಾಬರ್ಡಿಯ ಶ್ಯಾಮ್ ಹೋಟೆಲಿನಲ್ಲಿ ಇಳಿದುಕೊಂಡಿದ್ದರು. 14ರಂದು ಲಕ್ಷಾಂತರ ಜನರೊಡನೆ ಬೌದ್ಧ ಧಮ್ಮ ಸ್ವೀಕರಿಸಿದ ಆ ಬಯಲೇ ದೀಕ್ಷಾಭೂಮಿ. ಅಷ್ಟು ಜನ ಒಂದೇ ಕರೆಗೆ ಹೇಗೆ ಬಂದರು ಎಂದು ಕೇಳಿದರೆ ಪತ್ರಿಕೆ, ಸಭೆ, ಸಂಘಟನೆ ಎನ್ನುತ್ತಾರೆ. ಅಕ್ಷರ ಬಾರದ ಜನರ ನಡುವೆ ಪತ್ರಿಕೆ ಎಷ್ಟು ದೂರ ನಡೆದೀತು? ನಡೆದದ್ದು ಜಲಸಾ. ಫುಲೆಯವರ ಸತ್ಯಶೋಧಕ ಸಮಾಜದವರು ತಮಾಷಾ ಎಂಬ ಮರಾಠಿ ಜನಪದ ರಂಗಪ್ರಕಾರವನ್ನೇ ಎತ್ತಿಕೊಂಡು ಅದರಲ್ಲಿ ಹೊಸ ಅರ್ಥ ತುಂಬಿದ್ದರು. 1930ರ ದಶಕದಲ್ಲಿ ಭೀಮರಾವ್ ಕರ್ಡಕ್ ಮತ್ತು ಸಂಗಡಿಗರು ಅದನ್ನು ಅಂಬೇಡ್ಕರಿ ಜಲಸಾ ಮಾಡಿದರು. ತಮಾಷಾದಲ್ಲಿ ಕೃಷ್ಣ ಗೋಪಿಯರನ್ನು ಛೇಡಿಸುವ ಗವಳಣ ಭಾಗವನ್ನು ಕಿತ್ತುಹಾಕಿದರು. ಆ ಜಾಗದಲ್ಲಿ ಕೆರೆಯ ನೀರು, ಶಾಲೆ, ಸಾಲದ ಮಾತು ಬಂತು. ತಮ್ಮ ಹತ್ತು ಸಭೆಗಳಿಗೆ ಕರ್ಡಕರ ಒಂದು ಜಲಸಾ ಸಮ ಎಂದು ಅಂಬೇಡ್ಕರ್ ಅನ್ನುತ್ತಿದ್ದರಂತೆ.

ಇನ್ನೊಬ್ಬ ಕರ್ಡಕ್ ಇದ್ದರು, ವಾಮನದಾದಾ. ನಾಸಿಕ್ ಜಿಲ್ಲೆಯ ದೇಶವಂಡಿಯಲ್ಲಿ 1922ರಲ್ಲಿ ಹುಟ್ಟಿ, ಮುಂಬೈಯಲ್ಲಿ ಕೂಲಿ ಮಾಡಿ, ದೊಡ್ಡವರಾದ ಮೇಲೆ ಅಕ್ಷರ ಕಲಿತವರು. 2004ರಲ್ಲಿ ತೀರಿಕೊಳ್ಳುವವರೆಗೆ ಊರೂರು ಅಲೆದು ಅಂಬೇಡ್ಕರರನ್ನು ಕುರಿತ ಸಾವಿರಾರು ಭೀಮಗೀತೆ ಕಟ್ಟಿದರು. ಭೀಮಗೀತೆಗಳ ಧಾಟಿಗಳಲ್ಲಿ ಸಿನಿಮಾ ಹಾಡು, ಕವ್ವಾಲಿ ಎಲ್ಲವೂ ಸೇರಿವೆ ಎಂದು ಮೂಗು ಮುರಿಯುವ ಸಂಗೀತ ಪಂಡಿತರಿದ್ದಾರೆ. ಮುರಿಯಲಿ. ಜನರ ಬಾಯಲ್ಲಿ ಆಗಲೇ ಇರುವ ಧಾಟಿಗೆ ಹೊಸ ಮಾತು ಕೂರಿಸಿದರೆ ಕಲಿಸುವ ಅರ್ಧ ಶ್ರಮ ಉಳಿಯುತ್ತದೆಂದು ನಮ್ಮ ತತ್ವಪದಕಾರರಿಗೂ ಗೊತ್ತಿತ್ತು. 1970ರ ದಶಕದಲ್ಲಿ ಸಿದ್ಧಲಿಂಗಯ್ಯನವರ ಪದ್ಯಗಳು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯ ಜೊತೆ ಕೊರಳಿಂದ ಕೊರಳಿಗೆ ದಾಟಿದ್ದೂ ಹೀಗೇ. ಅವುಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ಬೀದಿಯಲ್ಲಿ ಕೇಳಿದವರೇ ಹೆಚ್ಚು.

ಈ ಹಾಡಿಗೆ ತೆತ್ತ ಬೆಲೆಯೂ ಇದೆ. 1997ರ ಜುಲೈನಲ್ಲಿ ಮುಂಬೈಯ ದಲಿತ ಕೇರಿ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ 10 ಜನ ಸತ್ತರು. ಆ ಸಂಕಟದಲ್ಲಿ ಕೆಲವೇ ದಿನಗಳಲ್ಲಿ ಶಾಹಿರ, ಅಂದರೆ ಹೋರಾಟದ ಹಾಡುಗಾರ, ವಿಲಾಸ್ ಘೋಗ್ರೆ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆನಂದ್ ಪಟವರ್ಧನ್ 14 ವರ್ಷ ಹಿಡಿದು ಮಾಡಿದ ‘ಜೈ ಭೀಮ್ ಕಾಮ್ರೇಡ್’ ಚಿತ್ರ ಹೊರಡುವುದು ಅಲ್ಲಿಂದಲೇ. ಹೆಸರಿರುವ ಕಲಾವಿದರು ಒಂದು ಚಳವಳಿಗೆ ಬಂದರೆ ಒಂದು ದಿನ ವಾಪಸು ಹೋಗಬಹುದು, ಅವರಿಗೆ ಮನೆಯಿದೆ. ಶಾಹಿರನಿಗೆ ವಾಪಸು ಹೋಗುವ ಜಾಗ ಆ ಕೇರಿಯೇ.

ಅಂಬೇಡ್ಕರರ ದೀಕ್ಷೆಯ ನೆನಪಿಗೆ ಪ್ರತಿ ವರ್ಷ ವಿಜಯದಶಮಿಯ ಹೊತ್ತಿಗೆ ಧರಮಪೇಠದ ಸುತ್ತಲಿನ ರಸ್ತೆಗಳಲ್ಲಿ ಬಿಳಿ ಬಟ್ಟೆಯ ಜನ ತುಂಬಿಕೊಳ್ಳುತ್ತಾರೆ. ಕಲಬುರಗಿ, ಬೀದರ್ ಕಡೆಯವರೂ ಅವರಲ್ಲಿರುತ್ತಾರೆ. ದೀಕ್ಷಾಭೂಮಿಯ ಬಳಿ ಪುಸ್ತಕದ ಮಳಿಗೆಗಳು ಸಾಲು ಸಾಲು, ನಡುನಡುವೆ ಹಾಡು ಮಾರುವವರು. ಹಿಂದೆ ಕ್ಯಾಸೆಟ್, ಆಮೇಲೆ ಸಿ.ಡಿ., ಈಗ ಪೆನ್‌ಡ್ರೈವ್. ಪ್ರತಿ ಮಳಿಗೆಯ ಸ್ಪೀಕರೂ ಪಕ್ಕದ್ದನ್ನು ಮೀರಿಸಲು ಕೂಗುತ್ತಿರುತ್ತದೆ. ಮಾಲಿನ ಮೇಲೆ ಬಾಬಾಸಾಹೇಬರ ಚಿತ್ರ ದೊಡ್ಡದಾಗಿ ಇರುತ್ತದೆ. ಹಾಡಿದವರು ಯಾರೆಂದು ತಿಳಿಯಬೇಕಾದರೆ ಕನ್ನಡಕ ಏರಿಸಿ ಹುಡುಕಬೇಕು.